ಸುಣ್ಣದ ಸಕ್ಕುಬಾಯಿ ಕೇಳಿದ ಅರ್ಧ ಮುಖ

ಹಳಿಯಾಳದಲ್ಲಿ ಆ ಕಾಲಕ್ಕೆ ಸುಣ್ಣ ಬಳಿಯುವವರು ಹತ್ತಾರು ಮಂದಿ ಇದ್ದರು. ಆದರೆ ಗೋಡೆಗೆ ಬೆನ್ನು ಕೊಟ್ಟು ಕೂತರೂ ಅಂಗಿಗೆ ಬಿಳುಪು ಹತ್ತದ ಹಾಗೆ ಬಳಿಯುವವಳು ಒಬ್ಬಳೇ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿಗಳ ಓಣಿಯ ಸಕ್ಕುಬಾಯಿ. ಊರೆಲ್ಲ ಆಕೆಯನ್ನು ಸುಣ್ಣದ ಸಕ್ಕುಬಾಯಿ ಎಂದೇ ಕರೆಯುತ್ತಿತ್ತು. ಸುಣ್ಣದ ಹರಳನ್ನು ಎಂಟು ದಿನ ನೆನೆಹಾಕಿ, ಹಳೆಯ ಧೋತರದಲ್ಲಿ ಸೋಸಿ, ಅಂಟು, ಉಪ್ಪು, ಚಿಟಿಕೆ ನೀಲಿ ಬೆರೆಸುವಳು. ಯಾವುದು ಎಷ್ಟು ಎಂದು ಯಾರಾದರೂ ಕೇಳಿದರೆ, "ಕೈಗೆ ಗೊತ್ತೈತ್ರಿ, ಬಾಯಿಗೆ ಗೊತ್ತಿಲ್ಲ" ಎಂದು ನಕ್ಕುಬಿಡುವಳು. ಗಂಡ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಹಮಾಲ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವನು. ಮನೆಯ ಭಾರವೆಲ್ಲ ಆಕೆಯ ಪುಂಡಿನಾರಿನ ಕುಂಚದ ಮೇಲೆಯೇ ನಿಂತಿತ್ತು.

ಊರಿನ ನಡವಳಿಕೆಯನ್ನೂ ಹೇಳಿಬಿಡಬೇಕು, ಮುಚ್ಚಿಟ್ಟುಕೊಂಡು ಏನು ಮಾಡುವುದು! ಅಡುಗೆಮನೆಯ ಗೋಡೆ ಬೆಳ್ಳಗಾಗಲು ಸಕ್ಕುಬಾಯಿಯೇ ಬೇಕು. ಆದರೆ ಅದೇ ಅಡುಗೆಮನೆಯ ತಂಬಿಗೆಯನ್ನು ಆಕೆ ಮುಟ್ಟಬಾರದು. ಬಾಯಾರಿದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ನೀರು ಸುರಿಯುತ್ತಿದ್ದರು. ಕರೀ ಕೈಯಿಂದ ಬಿಳೀ ಸುಣ್ಣ ಎಂದು ಕಟ್ಟೆಯ ಮೇಲೆ ಕೂತವರು ಚೇಷ್ಟೆ ಮಾಡಿದರೆ ಆಕೆ ಏಣಿಯ ಮೇಲಿನಿಂದಲೇ ಹೇಳುವಳು: "ಬಿಳೀ ಕೈಯವರು ಬಳದ ಗ್ವಾಡಿನೂ ನೋಡೀನ್ರಿ. ಹುಳಕಡ್ಡಿ ಎದ್ದ ಮೈಯಂಗ ಕಾಣತಾವು." ಕೂತವರು ತಮ್ಮತಮ್ಮಲ್ಲೇ ನಕ್ಕು ಸುಮ್ಮನಾಗುತ್ತಿದ್ದರು. ಮಾತಿನಲ್ಲಿ ಆಕೆಯನ್ನು ಗೆದ್ದವರಿಲ್ಲ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಆಕೆಯ ನಾಲಿಗೆ ತವರಿನ ಕೊಂಕಣಿಗೆ ಹೊರಳುತ್ತಿತ್ತು. ತವರು ಜೋಯಿಡಾ ಕಡೆಯ ಕಾಡಿನೊಳಗಿತ್ತು.

ಆಕೆಗೆ ಒಂದೇ ಒಂದು ಹಟವಿತ್ತು. ಮಗಳು ಗಿರಿಜಾ ಮುಲ್ಕಿ ಪರೀಕ್ಷೆಗೆ ಕೂರಬೇಕು. ಏಳನೆಯ ಇಯತ್ತೆಯ ಮುಲ್ಕಿ ಎಂದರೆ ಆಗ ಸಣ್ಣ ಮಾತಲ್ಲ, ಪಾಸಾದವರು ಮಾಸ್ತರಿಕೆಗೂ ಹೋಗಬಹುದಿತ್ತು. ಅವರ ಓಣಿಯಲ್ಲಿ ಗಂಡು ಹುಡುಗರೇ ನಾಲ್ಕನೆಯ ಇಯತ್ತೆಗೆ ಪಾಟಿ ಬಿಸಾಡಿ ಕಾಡಿನ ಕೆಲಸಕ್ಕೆ ಹೋಗುತ್ತಿದ್ದರು. ಗಿರಿಜಾ ಹದಿಮೂರರ ಹುಡುಗಿ. ಅಪೂರ್ಣಾಂಕವೆಂದರೆ ಅವಳಿಗೆ ಹುರಿಗಡಲೆ ತಿಂದ ಹಾಗೆ. "ಸಿದ್ದಿ ಹುಡುಗಿಗೆ ಮುಲ್ಕಿ ಯಾಕಬೇ?" ಎಂದು ಕೇಳಿದವರಿಗೆ ಸಕ್ಕುಬಾಯಿ ಉತ್ತರ ಕೊಡುತ್ತಲೇ ಇರಲಿಲ್ಲ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಹೆಂಗಸು ಅದೊಂದಕ್ಕೆ ಮಾತ್ರ ಬಾಯಿ ಬಿಗಿದುಕೊಂಡು ಕುಂಚ ಅದ್ದುತ್ತಿದ್ದಳು.

ಆಕೆಯ ಕೆಲಸಕ್ಕೆ ಜೊತೆಗಾರನೆಂದರೆ ಅಮೀರಸಾಬ ಪೇಂಟರ್. ಬೀಡಿ, ಚಹಾಪುಡಿ, ಮುಲಾಮು, ಸಾಬೂನು ಹೀಗೆ ಕಂಪನಿಗಳ ಜಾಹೀರಾತನ್ನು ಗೋಡೆಗಳ ಮೇಲೆ ಬರೆಯುವವನು. ಆಗಿನ ರೂಢಿಯೆಂದರೆ, ಕಂಪನಿಯವರು ಗೋಡೆಯ ಯಜಮಾನನಿಗೆ ಬಾಡಿಗೆ ಕೊಡುತ್ತಿರಲಿಲ್ಲ. ಬದಲಿಗೆ ಇಡೀ ಮನೆಗೆ ಸುಣ್ಣ ಬಳಿಸಿಕೊಡುತ್ತಿದ್ದರು. ಹಾಗಾಗಿ ಮೊದಲು ಸಕ್ಕುಬಾಯಿ, ಆಮೇಲೆ ಅಮೀರಸಾಬ. ಹಸಿ ಸುಣ್ಣದ ಮೇಲೆ ಎಣ್ಣೆಬಣ್ಣ ಹಚ್ಚಿದರೆ ತಿಂಗಳೊಳಗೆ ಹಕ್ಕಳೆ ಎದ್ದು ಉದುರುತ್ತದೆ. ಅದಕ್ಕೇ ಆಕೆ ಬೆರಳಿನಿಂದ ಗೋಡೆಯನ್ನು ಬಡಿದು ನೋಡಿ, "ಈಗ ಹಚ್ಚು ಭಾಯಿ" ಎನ್ನುವವರೆಗೂ ಅವನು ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಹೀಗೇ ನಡೆದಿತ್ತು. ಗಿರಿಜಾ ತಾಯಿಗೆ ರೊಟ್ಟಿ ತಂದಾಗ ಅಮೀರಸಾಬನಿಗೂ ಒಂದು ಪಾಲು ಇರುತ್ತಿತ್ತು. ಅವಳು ಅವನನ್ನು ಚಾಚಾ ಎನ್ನುತ್ತಿದ್ದಳು.

ಅದು ಅರವತ್ತೊಂದನೆಯ ಇಸವಿ. ಹಂಸಮುಖಿ ಎಂಬ ಹೊಸ ಸಾಬೂನಿನ ಕಂಪನಿ ಬಂತು. ಹುಬ್ಬಳ್ಳಿಯಿಂದ ಅದರ ಏಜಂಟ ಅಂದಾನೆಪ್ಪ ಬಂದು, ಸುತ್ತಲಿನ ನಲವತ್ತು ಗೋಡೆಗಳ ಕೆಲಸವನ್ನು ಅಮೀರಸಾಬನಿಗೆ ಒಪ್ಪಿಸಿಹೋದ. ಮೊದಲ ಗೋಡೆ ಕಿರಾಣಿ ಅಂಗಡಿಯ ಚನಬಸಪ್ಪನದು. ದಾಂಡೇಲಿಗೆ ಹೋಗುವ ಬಸ್ಸುಗಳು ಅದರ ಎದುರಿಗೇ ನಿಲ್ಲುತ್ತಿದ್ದವು. ಸಾಲೆಗೆ ಹೋಗುವ ದಾರಿಯೂ ಅದೇ. ಸಕ್ಕುಬಾಯಿ ಆ ಮನೆಗೆ ಮೂರು ಕೈ ಸುಣ್ಣ ಬಳಿದು, ಇಪ್ಪತ್ತು ದಿನ ಮುಟ್ಟಬೇಡ ಎಂದು ಅಮೀರಸಾಬನಿಗೆ ಹೇಳಿ, ಗಿರಿಜಾಳನ್ನು ನೆರೆಮನೆಯವರಿಗೆ ಒಪ್ಪಿಸಿ, ಮುಂಡಗೋಡ ಕಡೆಯ ಪಾಳಾದಲ್ಲಿ ಒಂದು ಮದುವೆಮನೆಗೆ ಸುಣ್ಣ ಬಳಿಯಲು ಹೋದಳು. ಅಲ್ಲಿ ಒಂದು ಮನೆ ನಾಲ್ಕಾಗಿ, ಬರುವುದು ತಿಂಗಳ ಮೇಲಾಯಿತು.

ತಿರುಗಿ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಗಿರಿಜಾ ಮನೆಯಲ್ಲಿದ್ದಳು. ಪಾಟಿಚೀಲ ಗೂಟಕ್ಕೆ ನೇತುಬಿದ್ದಿತ್ತು.

"ಯಾಕವ್ವಾ, ಜ್ವರ ಬಂದಾವೇನು?"

"ಇಲ್ಲ."

"ಮತ್ತ ಸಾಲಿ?"

"ನಾ ಸಾಲಿಗೆ ಹೋಗಾಂಗಿಲ್ಲ. ಚನಬಸಪ್ಪ ಮಾವಾರ ಗ್ವಾಡಿ ನೋಡಿ ಬಾ, ನಿನಗ ತಿಳೀತೈತಿ."

ಸಕ್ಕುಬಾಯಿ ಕಾಲಿನ ಧೂಳನ್ನೂ ತೊಳೆಯದೆ ಹೋದಳು. ಹೋಗಿ ನೋಡುತ್ತಾಳೆ, ತಾನು ಬಳಿದ ಗೋಡೆಯ ಮೇಲೆ ಆಳೆತ್ತರದ ಮುಖ! ಹಣೆಯಿಂದ ಗದ್ದದವರೆಗೆ ಗೆರೆ ಎಳೆದು ಸರಿಯಾಗಿ ಎರಡು ಪಾಲು ಮಾಡಿದ್ದರು. ಎಡಗಡೆ ಕಪ್ಪು, ತುಟಿಯ ತುದಿ ಕೆಳಕ್ಕೆ, ಕಣ್ಣಲ್ಲಿ ನೀರು. ಬಲಗಡೆ ಹಾಲಿನ ಬಣ್ಣ, ತುಟಿಯ ತುದಿ ಮೇಲಕ್ಕೆ, ಹಲ್ಲು ಬಿಟ್ಟ ನಗು. ಕೆಳಗೆ ಮೊಳದುದ್ದದ ಅಕ್ಷರ. ಆಕೆಗೆ ಓದು ಬಾರದು; ಬಸ್ಸು ಕಾಯುತ್ತಿದ್ದ ಒಬ್ಬ ದೊಡ್ಡ ದನಿಯಲ್ಲಿ ಓದಿ ಹೇಳಿದ: "ಹಂಸಮುಖಿ ಸಾಬೂನು. ಕಪ್ಪು ತೊಳೆಯಿರಿ, ನಗುತ ಬಾಳಿರಿ." ಓದಿದವನು ಆಕೆಯ ಮೋರೆ ನೋಡಿ, ಗೋಡೆ ನೋಡಿ, "ಅಯ್ಯ, ನಿನ್ನ ಮಗಳಲ್ಲೇನ ಇಕಿ!" ಎಂದು ಬೆರಗಾದ.

ಹೌದು, ಗಿರಿಜಾಳೇ. ಅದೇ ಅಗಲ ಹಣೆ, ಅದೇ ಗುಂಗುರು ಕೂದಲು. ಸಣ್ಣವಳಿದ್ದಾಗ ಬಿದ್ದು ಎಡ ಹುಬ್ಬಿನ ಮೇಲಾಗಿದ್ದ ಗಾಯದ ಗೆರೆಯನ್ನು ಕೂಡ ಬಿಟ್ಟಿರಲಿಲ್ಲ. ಸಾಲೆಯಲ್ಲಿ ಏನು ನಡೆದಿರಬಹುದೆಂದು ಸಕ್ಕುಬಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಮನೆಗೆ ಬಂದು ಮಗಳ ಬಾಯಿಂದಲೇ ಕೇಳಿದಳು.

"ಅರ್ಧ ತೊಳಕೊಂಡೀ, ಇನ್ನರ್ಧ ಯಾವಾಗ ಅಂತ ದಿನಾ ಕೇಳ್ತಾರ" ಎಂದಳು ಗಿರಿಜಾ. "ಹುಡುಗರು ಅಂದ್ರ ನಾನೂ ಅಂತಿದ್ದೆ ಬಿಡು. ಮಾಸ್ತರೂ ನಕ್ಕರವ್ವಾ."

ಆ ಮಾಸ್ತರರು ಕೆಟ್ಟವರೇನಲ್ಲ. ಗಿರಿಜಾಳ ಲೆಕ್ಕಕ್ಕೆ ಶಾಭಾಸ್ ಎನ್ನುತ್ತಿದ್ದವರೂ ಅವರೇ. ಕೆಟ್ಟವರಲ್ಲದವರೂ ನಕ್ಕರೆ ಹುಡುಗಿ ಯಾರ ಹತ್ತಿರ ಹೋಗಿ ನಿಲ್ಲಬೇಕು ಹೇಳಿ! ಈ ತಿಂಗಳ ಹಾಜರಿ ತಪ್ಪಿದರೆ ಮುಲ್ಕಿಗೆ ಕಳಿಸುವವರ ಯಾದಿಯಿಂದ ಹೆಸರು ಹೊಡೆದುಹಾಕುತ್ತಾರೆ ಎಂಬುದು ತಾಯಿ ಮಗಳಿಬ್ಬರಿಗೂ ಗೊತ್ತಿತ್ತು.

ಓಣಿಯಲ್ಲಿ ಸುದ್ದಿ ಹಬ್ಬಿ ನೆರೆಮನೆಯ ಈರಕ್ಕ ಸೆರಗು ಕಟ್ಟಿಕೊಂಡು ಬಂದಳು. "ಏಳ ಸಕ್ಕು, ಒಂದು ಬುಟ್ಟಿ ಸೆಗಣಿ ಕಲಿಸಿ ಆ ಗ್ವಾಡಿಗೆ ಎರಚಿ ಬರೂಣು. ನಮ್ಮ ಮಂದಿ ಎಲ್ಲಾ ಬರ್ತೇವಿ."

"ಯಾರ ಮಾರಿಗೆ ಎರಚತೀಯಬೇ ಸೆಗಣಿ?" ಎಂದಳು ಸಕ್ಕುಬಾಯಿ. "ಅಲ್ಲಿರೂದು ನನ್ನ ಮಗಳು."

ಈರಕ್ಕ ಕಟ್ಟಿದ ಸೆರಗನ್ನು ಬಿಚ್ಚಿದಳು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಅಮೀರಸಾಬ ತನ್ನ ಮನೆಯ ಕಟ್ಟೆಯ ಮೇಲೆ, ಮುಂದಿನ ಗೋಡೆಗೆ ಚೌಕಳಿ ಗೆರೆ ಹೊಡೆಯಲು ಬೇಕಾಗುವ ಹಗ್ಗಕ್ಕೆ ಕೆಮ್ಮಣ್ಣು ಬಳಿಯುತ್ತ ಕೂತಿದ್ದ. ಸಕ್ಕುಬಾಯಿಯನ್ನು ಕಂಡು ಅವನ ಮುಖ ಅರಳಿತು. ಪಾಪ, ಹೊಗಳಿಸಿಕೊಳ್ಳಲು ಹತ್ತು ದಿನದಿಂದ ಕಾದಿದ್ದ.

"ನೋಡಿದೇನು ಸಕ್ಕುಬಾಯಿ? ಕಣ್ಣು ನೋಡಿದೇನು? ಹನ್ನೆರಡು ವರ್ಸದಾಗ ಅಂಥಾ ಮುಖ ಬರದಿಲ್ಲ ನಾನು. ಕಂಪನಿಯವರು ಕೊಟ್ಟ ನಮೂನಿ ಕಾಗದ ಮಳ್ಯಾಗ ತೊಯ್ದು ಹಾಳಾತು. ಆಮ್ಯಾಲ ನೆನಪಿನ್ಯಾಗ ಬರದೆ. ಕೈ ತಾನ ಗಿರಿಜಾನ ಮುಖಕ್ಕ ಹೋತು!"

"ಭಾಯಿ, ಎಡಗಡೆ ಗಿರಿಜಾ ಹೌದು. ಬಲಗಡೆ ಯಾರು?"

"ಆಕೀನ! ಸಾಬೂನು ಹಚ್ಚಿದ ಮ್ಯಾಲೆ..."

"ನನ್ನ ಮಗಳು ದಿನಾ ಸಾಬೂನು ಹಚ್ಚಿ ಜಳಕಾ ಮಾಡ್ತಾಳ. ಮಾಡಿ ಬಂದ ಮ್ಯಾಲೂ ಗಿರಿಜಾನ ಇರ್ತಾಳ."

ಅಮೀರಸಾಬನ ಕೈಯಲ್ಲಿದ್ದ ಹಗ್ಗ ಜೋತುಬಿತ್ತು. ಅದನ್ನು ಬದಿಗಿಟ್ಟು ಹೇಳಿದ: "ಅವರ ನಮೂನಿ ನೋಡಿದ್ರ ನೀ ಥೂ ಅಂತಿದ್ದಿ. ದಪ್ಪ ದಪ್ಪ ತುಟಿ, ಮಂಗ್ಯಾನ ಮಾರಿ. ನಾನು ಮನಶ್ಯಾರಂಗ ಬರದೀನಿ. ಚಂದ ಬರದೀನಿ."

"ಚಂದ ಬರದೀ ಅಂತನ ಉರೀತೈತಿ. ಮಂಗ್ಯಾನ ಬರದಿದ್ರ ಅದು ಯಾರೂ ಅಲ್ಲ ಅಂತ ದಾಟಿ ಹೋಗ್ತಿದ್ವಿ. ನಿನ್ನ ಕೈಯಾಗ ರೊಟ್ಟಿ ಕೊಟ್ಟ ಹುಡುಗಿ ಆಕಿ. ಕರೀ ಇದ್ದಾಗ ಅಳತಾಳ, ಬಿಳೀ ಆದ್ರ ನಗತಾಳ ಅಂತ ಊರಿಗೆಲ್ಲಾ ಹೇಳಿದ್ಯಲ್ಲ, ಆಕಿ ಅತ್ತಿದ್ದು ಯಾವಾಗ ನೋಡಿದಿ ನೀನು?"

ನಿಜವಾಗಿಯೂ ಅಮೀರಸಾಬ ನೋಡಿರಲಿಲ್ಲ. ಆ ಹುಡುಗಿ ರೊಟ್ಟಿ ಬಿಚ್ಚುವಾಗೆಲ್ಲ ಏನಾದರೊಂದು ಹೇಳಿ ನಗಿಸುತ್ತಿದ್ದಳೇ ಹೊರತು ಅಳು ಎಲ್ಲಿಯದು! ಕೊನೆಗೆ, ಅಳಿಸಿಬಿಡಲೇ ಎಂದು ಕೇಳಿದ. ಸೋಮವಾರ ಏಜಂಟ ನೋಡಲು ಬರುವವನಿದ್ದ. ಗೋಡೆ ಖಾಲಿ ಕಂಡರೆ ಉಳಿದ ಮೂವತ್ತೊಂಬತ್ತು ಗೋಡೆಗಳೂ ಕೈಬಿಡುತ್ತವೆ. ಅದು ಸಕ್ಕುಬಾಯಿಗೂ ಗೊತ್ತಿತ್ತು. ಆ ಗೋಡೆಗಳ ಸುಣ್ಣ ಆಕೆಯ ಪಾಲಿನದೇ ಅಲ್ಲವೇ?

"ಅಳಸಬ್ಯಾಡ" ಎಂದಳು. "ಅಳಿಸಿದ್ರ ಆಕಿ ಮಾರಿನ ಇರಬಾರದಿತ್ತು ಅಂದಂಗಾತು. ನನ್ನ ಮಗಳ ಅರ್ಧ ಮುಖ ತಗೊಂಡೀ, ಅದನ್ನ ತಿರಗಿ ಕೊಡು. ಪೂರಾ ಮುಖ ಕರೀದ ಇರಲಿ, ಪೂರಾ ಮುಖ ನಗಲಿ. ನೀ ಕೊಡೂತನಕ ನಾ ಕುಂಚ ಹಿಡಿಯಾಂಗಿಲ್ಲ."

ಇಷ್ಟು ಹೇಳಿ ಎದ್ದುಬಂದಳು. ಅಮೀರಸಾಬನಿಗೆ ಹೆಂಡತಿ, ನಾಲ್ಕು ಮಕ್ಕಳು. ಎರಡು ದಿನ ಅವನು ಈ ಕಡೆ ಸುಳಿಯಲಿಲ್ಲ. ಗಿರಿಜಾಳ ಚೀಲವೂ ಗೂಟದಿಂದ ಇಳಿಯಲಿಲ್ಲ. ಸಕ್ಕುಬಾಯಿ ಗಂಜಿ ಕುದಿಸುತ್ತ, ಮಗಳ ಕಡೆ ನೋಡದ ಹಾಗೆ ನೋಡುತ್ತ, ಹಲ್ಲು ಕಚ್ಚಿಕೊಂಡಿದ್ದಳು. ಮೂರನೆಯ ದಿನ ರವಿವಾರ ಬೆಳಿಗ್ಗೆ ಅಮೀರಸಾಬ ಬಾಗಿಲಿಗೆ ಬಂದು ನಿಂತ. ಅವನು ಸಕ್ಕುಬಾಯಿಯನ್ನು ಕರೆಯಲಿಲ್ಲ.

"ಗಿರಿಜಾ, ಬೇಟಾ, ನನ್ನ ತಪ್ಪಾತು" ಎಂದ. "ನೆನಪಿನ್ಯಾಗ ಬರದು ಕೆಡಿಸಿದೆ. ಈ ಸಲ ನಿನ್ನ ನೋಡಿ ಬರೀತೇನಿ. ಎದುರಿಗೆ ಬಂದು ಕುಂದರತೀಯೇನು?"

ಸಂತೆಯಂತೆ ಮಂದಿ ನೆರೆಯುವ ಬಸ್ ನಿಲ್ಲುವ ಜಾಗದಲ್ಲಿ, ಎಲ್ಲರೂ ನೋಡಿ ನಗುವ ಆ ಗೋಡೆಯ ಮುಂದೆ ಹೋಗಿ ಕೂರಬೇಕು! ಹುಡುಗಿ ತಾಯಿಯ ಮುಖ ನೋಡಿದಳು. "ನಿನಗ ಬ್ಯಾಡನಿಸಿದ್ರ ಬ್ಯಾಡ" ಎಂದಳು ಸಕ್ಕುಬಾಯಿ. ಗಿರಿಜಾ ಎದ್ದು ಮುಖ ತೊಳೆದು, ಸಾಲೆಗೆ ಹೋಗುವಾಗಿನ ಲಂಗ ತೊಟ್ಟು, ಎರಡು ಜಡೆ ಹಾಕಿಕೊಂಡು ಹೊರಟಳು. ಆ ಹುಡುಗಿಯ ಗುಂಡಿಗೆಗೆ ಎರಡು ಕೈ ಎತ್ತಿ ಮುಗಿಯಬೇಕು.

ಚನಬಸಪ್ಪನ ಅಂಗಡಿಯ ಸ್ಟೂಲಿನ ಮೇಲೆ ಅವಳು, ಏಣಿಯ ಮೇಲೆ ಅಮೀರಸಾಬ, ನಡುವೆ ಸೊಂಟಕ್ಕೆ ಕೈ ಕೊಟ್ಟ ಸಕ್ಕುಬಾಯಿ. ಅವನು ಡಬ್ಬಿಯ ಕಪ್ಪನ್ನು ನೇರ ಎತ್ತಿಕೊಂಡಾಗ ಆಕೆ ತಡೆದಳು: "ಡಾಂಬರ ಬಳೀಬ್ಯಾಡ ಭಾಯಿ. ಕೆನ್ನಿ ನೋಡು, ಹಣಿ ನೋಡು." ಅವನು ಇಳಿದು ಬಂದು ಹುಡುಗಿಯ ಮುಖವನ್ನು ನೋಡಿದ. ಹನ್ನೆರಡು ವರ್ಷ ದಿನಾ ಕಂಡ ಮುಖ! ಕಪ್ಪಿಗೆ ಕಾವಿ ಬೆರೆಸಿದ, ಕೆನ್ನೆಗೆಂದು ಹಳದಿಯ ಎರಡು ಹನಿ ಬಿಟ್ಟ, ಹಣೆಗೆಂದು ಬೇರೆಯೇ ಕಲಸಿದ. ನಾಲ್ಕು ಬಟ್ಟಲಾದವು. ಮೊದಮೊದಲು ಸುತ್ತ ನಿಂತವರು ಕಿಸಕ್ಕೆನ್ನುತ್ತಿದ್ದರು. ಹೊತ್ತೇರಿದ ಹಾಗೆ ನಗು ನಿಂತಿತು, "ಹುಬ್ಬು ಇನ್ನೊಂಚೂರು ದಪ್ಪ ಮಾಡೋ ಸಾಬಾ" ಎಂದು ಸಲಹೆ ಕೊಡತೊಡಗಿದರು. ಕೆಳಗೆ ಜೋತಿದ್ದ ತುಟಿಯ ತುದಿಯನ್ನು ಎತ್ತಲು ಅಮೀರಸಾಬ ನಗು ಎಂದ. ಗಿರಿಜಾಳಿಗೆ ನಗು ಬರಲೊಲ್ಲದು. ಆಗ ಅವನು ಏಣಿಯ ಮೇಲೆ ನಿಂತು ತನ್ನ ಮೂಗಿಗೇ ಬಣ್ಣ ಬಳಿದುಕೊಂಡ. ಹುಡುಗಿ ನಕ್ಕಳು. ಸಂಜೆಗೆ ಗೋಡೆಯ ಮೇಲೆ ಗೆರೆಯಿಲ್ಲದ ಪೂರಾ ಮುಖ ನಿಂತಿತು, ಕರಿಯ ಮುಖ, ನಗುವ ಮುಖ. ಸಕ್ಕುಬಾಯಿ ನೋಡಿ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೋಮವಾರ ಬೆಳಗಿನ ಬಸ್ಸಿಗೆ ಅಂದಾನೆಪ್ಪ ಬಂದಿಳಿದ. ಗಿರಿಜಾಳೂ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಆದರೆ ಗೋಡೆಯ ಹತ್ತಿರ ಬಂದವಳಿಗೆ ಮುಂದಕ್ಕೆ ಕಾಲು ಏಳಲಿಲ್ಲ, ತಾಯಿಯ ಪಕ್ಕದಲ್ಲೇ ನಿಂತಳು. ಏಜಂಟ ಗೋಡೆ ನೋಡಿದವನೇ ಕೆಂಡವಾದ.

"ಏನಿದು ಪೇಂಟರ? ಸಾಬೂನು ಹಚ್ಚಿದ ಮ್ಯಾಲೂ ಕರೀನ ಅದಾಳಲ್ಲೋ! ಇದನ್ನ ನೋಡಿ ಯಾರಪ್ಪ ಸಾಬೂನು ಕೊಳ್ಳತಾರ?"

"ಸಾಬೂನು ಮೈ ಹೊಲಸು ತಗೀತೈತ್ರಿ, ಮೈಯನ್ನಲ್ಲ" ಎಂದ ಅಮೀರಸಾಬ. ನಾಲ್ಕು ಮಕ್ಕಳ ಅನ್ನ ಆ ಏಜಂಟನ ಕೈಯಲ್ಲಿತ್ತು. ಆದರೂ ಹೇಳಿದ, ಅದೇ ದೊಡ್ಡದು.

"ನಲವತ್ತೂ ಗ್ವಾಡಿ ಕೆಲಸ ಬಂದ್!" ಎಂದು ಏಜಂಟ ಕೂಗಿದ. "ಈಗಿಂದೀಗ ಇದರ ಮ್ಯಾಲೆ ಸುಣ್ಣ ಹೊಡಸರಿ. ಸುಣ್ಣ ಬಳಿಯೋರು ಯಾರದಾರ ಇಲ್ಲೆ? ಕರೀರಿ."

ಒಬ್ಬೊಬ್ಬರಾಗಿ ನೆರೆದವರೆಲ್ಲರ ಕಣ್ಣೂ ಸಕ್ಕುಬಾಯಿಯ ಮೇಲೆ ಬಂದು ನಿಂತವು. "ನಾನ ರೀ" ಎಂದಳು ಆಕೆ.

"ಬಳಿ ಮತ್ತ. ಒಂದು ಕೂದಲು ಸುದ್ದಾ ಕಾಣಬಾರದು."

ಸ್ವಂತ ಮಗಳ ಮುಖದ ಮೇಲೆ ತನ್ನ ಕೈಯಾರೆ ಸುಣ್ಣ! ಆಕೆಯ ನಾಲಿಗೆಯ ತುದಿಗೆ ಕೊಂಕಣಿಯ ಬೈಗುಳವೆಲ್ಲ ಬಂದು ನಿಂತಿತ್ತು. ಪಕ್ಕದಲ್ಲಿ ಗಿರಿಜಾ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಸಕ್ಕುಬಾಯಿ ಬೈಗುಳ ನುಂಗಿಕೊಂಡು ಅಂಗಡಿಯ ಕಡೆ ತಿರುಗಿದಳು.

"ಯಜಮಾನ್ರ, ಗ್ವಾಡಿ ನಿಮ್ಮದು. ಏನ್ ಮಾಡ್ಲಿ ಹೇಳ್ರಿ."

ಚನಬಸಪ್ಪ ವ್ಯಾಪಾರಸ್ಥ. ಹಂಸಮುಖಿಯ ಎರಡು ಪೆಟ್ಟಿಗೆ ಅವನ ಅಂಗಡಿಯಲ್ಲೇ ಬಿದ್ದಿದ್ದವು. ಅವನು ಏಜಂಟನನ್ನು ನೋಡಿದ, ಗೋಡೆಯನ್ನು ನೋಡಿದ, ಹಿಂದಿನ ದಿನವೆಲ್ಲ ತನ್ನ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಹುಡುಗಿಯನ್ನು ನೋಡಿದ. ವಿಭೂತಿಯ ಹಣೆಯನ್ನು ಒಮ್ಮೆ ಉಜ್ಜಿಕೊಂಡ.

"ಕಂಪನಿದು ಎಷ್ಟೈತೋ ಅಷ್ಟು ಬಳದು ಬಿಡು, ಸಕ್ಕುಬಾಯಿ" ಎಂದ. "ಅಷ್ಟ."

ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಮೊದಲು ಇಟ್ಟಿಗೆ ತುಂಡಿನಿಂದ ಉಜ್ಜಿ ಒರಟು ಮಾಡಬೇಕು. ಸಕ್ಕುಬಾಯಿ ಇಟ್ಟಿಗೆ ಹುಡುಕಿ ತಂದಳು, ಸೆರಗು ಬಿಗಿದಳು. ಅಮೀರಸಾಬ ಏಣಿ ಹಿಡಿದ. ಆಕೆ ಕೆಳಗಿನ ಸಾಲಿನಿಂದ ಶುರು ಮಾಡಿದಳು. ಕಪ್ಪು ತೊಳೆಯಿರಿ ಎಂಬುದು ಉದುರಿತು. ನಗುತ ಬಾಳಿರಿ ಎಂಬುದು ಉದುರಿತು. ಆಮೇಲೆ ಸಾಬೂನಿನ ಹೆಸರು, ಅದರ ಬಿಲ್ಲೆಯ ಚಿತ್ರ, ಕಂಪನಿಯ ಮುದ್ರೆ, ಹುಬ್ಬಳ್ಳಿಯ ವಿಳಾಸ. ಉಜ್ಜಿದಲ್ಲೆಲ್ಲ ತೆಳ್ಳಗೆ ಒಂದು ಕೈ ಸುಣ್ಣ ಎಳೆದಳು. ಮುಖದ ಅಂಚಿಗೆ ಬಂದಾಗ ಕುಂಚವನ್ನು ಹಿಂಡಿ, ಕೂದಲ ಗುಂಗುರಿನ ಗುಂಟ ಒಂದು ಹನಿ ಸಿಡಿಯದ ಹಾಗೆ ತಿರುಗಿಸಿಕೊಂಡು ಹೋದಳು. ಆಕೆಯ ಕೈ ಅಂಥಾದ್ದು.

"ಏ, ಮಾರಿ ಬಿಟ್ಟೆಲ್ಲ! ಮಾರಿ ಮ್ಯಾಲೆ ಬಳಿ!" ಏಜಂಟ ಒದರಿದ.

"ಅಕ್ಷರ ನಿಮ್ಮವು, ತಗದೀನಿ. ಮಾರಿ ನಿಮ್ಮದಲ್ರಿ."

"ಹುಚ್ಚೀ, ಹೆಸರಿಲ್ಲ, ಸಾಬೂನಿಲ್ಲ, ಬರೇ ಒಂದು ಕರೀ ಹುಡುಗಿ! ಆ ಗ್ವಾಡಿ ಮ್ಯಾಲೆ ಕುಂತು ಏನು ಮಾರತಾಳ ಆಕಿ?"

"ಏನೂ ಮಾರಾಂಗಿಲ್ರಿ" ಎಂದಳು ಸಕ್ಕುಬಾಯಿ, ಏಣಿಯ ಮೇಲಿನಿಂದ, ಕುಂಚ ನಿಲ್ಲಿಸದೆ. "ಸುಮ್ಮನ ನಗಾಕತ್ತಾಳ."

ಯಾರೋ ಭಲೇ ಎಂದರು. ಏಜಂಟ ತಿರುಗಿ ಹೋಗಬೇಕಿದ್ದ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅದೇ ಹೊತ್ತಿಗೆ ಸಾಲೆಯ ಗಂಟೆ ಹೊಡೆಯಿತು. ಸೆರಗು ಹಿಡಿದಿದ್ದವಳು ಯಾವಾಗ ಅದನ್ನು ಬಿಟ್ಟಿದ್ದಳೋ ತಾಯಿಗೆ ತಿಳಿದಿರಲಿಲ್ಲ.

"ಅವ್ವಾ, ಗಂಟಿ ಆತು. ನಾ ಸಾಲಿಗೆ ಹೋಗಿ ಬರ್ತೇನಿ" ಎಂದಿತು ಕೆಳಗಿನಿಂದ ಒಂದು ದನಿ.

ಸಕ್ಕುಬಾಯಿಗೆ ತಿರುಗಿ ನೋಡಲಾಗಲಿಲ್ಲ, ಕಣ್ಣು ಅಷ್ಟು ತುಂಬಿದ್ದವು. "ಹೂಂ, ಓಡು, ತಡಾ ಆದೀತು" ಎಂದು ಗೋಡೆಗೇ ಹೇಳಿದಳು.